ಹದಿನೇಳನೆಯ ಸೆಂಟಿಮೀಟರ್

ಕೊಳವೆ ಸೀಳಿದಾಗ ಮೊದಲು ಬರುವುದು ವಾಸನೆ.
ಕೊಳೆತ ಮೊಟ್ಟೆ, ಒದ್ದೆಯಾದ ಬೆಂಕಿಪೊಟ್ಟಣ,
ಆಮೇಲೆ ಸಮುದ್ರ.
ಲೂರ್ಡಿನಾ ಬಾಯಿ ಮೂಗಿಗೆ ಕರ್ಚೀಫು ಹಿಡಿಯುತ್ತಾರೆ.
ಬೈನಾದ ದಂಡೆಯಲ್ಲಿ ಹುಟ್ಟಿದ ನನಗೆ
ಇದು ತವರಿನ ಗಾಳಿ.

ನನ್ನ ಕೆಲಸ ಸಣ್ಣದು.
ದೋನಾಪಾವ್ಲಾದ ಈ ಪ್ರಯೋಗಶಾಲೆಯಲ್ಲಿ
ಕಡಲತಳದ ಕೆಸರನ್ನು ಬೆರಳಗಲ ಬೆರಳಗಲ ಕೊಯ್ದು
ಜರಡಿಗೆ ಹಾಕಿ ತೊಳೆಯುವುದು, ಒಣಗಿಸುವುದು, ತೂಗುವುದು.
ಅವ್ವ ವಾಸ್ಕೋದ ಹೋಟೆಲಿಗೆ ರವೆ ಸಾಣಿಸುತ್ತಿದ್ದಳು,
ಅದೇ ಮಣಿಕಟ್ಟು, ಅದೇ ತಿರುವು.
ಅವಳು ಹುಳ ಕಂಡರೆ ಎಸೆಯುತ್ತಿದ್ದಳು,
ನಾನು ಎಣಿಸಿ ಬರೆಯುತ್ತೇನೆ.

ಈ ಕೊಳವೆ ಗ್ರಾಂಡೆ ದ್ವೀಪದ ಮಗ್ಗುಲಿನದು.
ಇನಾಸ್ ಮುಳುಗಿ ತಂದದ್ದು, ಹವಳದ ಬಂಡೆಗಳ ನಡುವಿನ ತಗ್ಗಿನಿಂದ.
ಹತ್ತರವರೆಗೂ ಬೂದು ಕೆಸರು, ಚಾಕುವಿಗೆ ಬೆಣ್ಣೆ.
ಹನ್ನೊಂದಕ್ಕೆ ತುಸು ತರಿ.
ಹದಿನಾಲ್ಕಕ್ಕೆ ಮರಳು, ಅದಿರಿನ ಕೆಂಪು ಕಾಳು,
ಚಿಪ್ಪುಗಳ ಚೂರು.
ಹದಿನೇಳಕ್ಕೆ ಕಿರ್ರೆಂದಿತು.
ಅದರ ಕೆಳಗೆ ಮತ್ತೆ ಬೆಣ್ಣೆ,
ಮರುದಿನ ಏನಾಗಲಿದೆಯೆಂದು ತಿಳಿಯದ ಕೆಸರು.

ಚಂಡಮಾರುತ ತಳವನ್ನೆಲ್ಲ ಎತ್ತಿ ಒದರಿ
ಕೈಬಿಟ್ಟಾಗ
ಮೊದಲು ಇಳಿಯುವುದು ಭಾರದ್ದು.
ಆಮೇಲೆ ಮರಳು.
ಹಿಟ್ಟಿನಂಥ ಹೂಳು ಮಾತ್ರ ಇಳಿಯುವುದೇ ಇಲ್ಲ,
ನೀರಲ್ಲಿ ನಿಂತೇ ಇರುತ್ತದೆ
ವಾರ, ಎರಡು ವಾರ, ಬಿಸಿಲಿಗೆ ಅಡ್ಡವಾಗಿ.

ಇನಾಸ್ ಹೇಳುತ್ತಾನೆ:
ಗಾಳಿ ಮುರಿದದ್ದು ಸ್ವಲ್ಪ, ಬಾಯಿ.
ಕೊಂದದ್ದು ಆಮೇಲಿನ ಧೂಳು.
ಹವಳ ಮೈಯಿಂದ ಲೋಳೆ ಸುರಿಸಿ ಸುರಿಸಿ
ಹೂಳನ್ನು ತಳ್ಳುತ್ತದಂತೆ,
ತಳ್ಳಿದಷ್ಟೂ ಬೀಳುತ್ತದಂತೆ,
ಕೊನೆಗೊಂದು ದಿನ ತಳ್ಳುವುದು ನಿಲ್ಲುತ್ತದಂತೆ.
ಇಷ್ಟು ಹೇಳಿ ಅವನು ಬೀಡಿ ಹಚ್ಚಿದ.

ನಾನು ಅವ್ವನನ್ನು ನೆನೆದೆ.
ಆ ಗಾಳಿ ಹೋದ ಮೇಲೆ ಗುಡಿಸಲಿಗೆ ತಗಡಿರಲಿಲ್ಲ,
ಹೊಸ್ತಿಲಿನ ಕಲ್ಲು ಮಾತ್ರ ಇತ್ತು.
ಅವಳು ಆ ಹೊಸ್ತಿಲಿಂದ ಮರಳು ಗುಡಿಸುತ್ತಿದ್ದಳು,
ಒಳಗಿನಿಂದ ಹೊರಗೆ,
ಒಳಗೆಂಬುದೇ ಇಲ್ಲದಾಗಲೂ.
ಅಪ್ಪ, 'ಸಾಕು ಬಿಡ ಇನ್ನ' ಅಂದರೆ
'ನೀ ಸುಮ್ಕಿರು, ಮನಿ ಅಂದಮ್ಯಾಲ ಕಸ ಇರ್ತೈತಿ' ಅಂದಳು.

ಬಾಯಿ ವರ್ಷ ಹೇಳುವುದಿಲ್ಲ.
'ಸೀಸ ಅಳೆದು ನೋಡೋಣ' ಎನ್ನುತ್ತಾರೆ.
ನಾನೂ ಬಾಯಿ ಬಿಡಲಿಲ್ಲ.
ಆಗ ನನಗೆ ಏಳು ವರ್ಷ.

ಅವರೇ ಒಮ್ಮೆ ಹೇಳಿದ್ದರು:
ಸಣ್ಣಪುಟ್ಟ ಬಿರುಗಾಳಿಗಳೆಲ್ಲ ಕೆಸರಲ್ಲಿ ಉಳಿಯುವುದಿಲ್ಲ.
ಹುಳಗಳು ಬಿಲ ಕೊರೆದು, ತಿಂದು, ಉಗುಳಿ
ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ
ನಾಲ್ಕೈದು ವರ್ಷದಲ್ಲಿ ಕಲಸಿಬಿಡುತ್ತವೆ.
ಹುಳದ ಬಾಯಿಗೆ ಎಟುಕದಷ್ಟು ದಪ್ಪವಿದ್ದರೆ ಮಾತ್ರ
ಪದರ ಉಳಿದೀತು.
ಅಂದು ರಾತ್ರಿ ಊಟ ಮಾಡುವಾಗ
ನಾನು ಎಷ್ಟೋ ವಿಷಯ ಮರೆತಿರುವುದಕ್ಕೆ
ಯಾರಿಗೋ ಋಣಿ ಅನ್ನಿಸಿತ್ತು.

ಜರಡಿಯ ಮೇಲೆ ಉಳಿದದ್ದು ಒಂದು ತುಂಡು,
ಕಿರುಬೆರಳಿನ ತುದಿಯಷ್ಟು, ಬಿಳಿ,
ಮೈತುಂಬ ಸೂಜಿಮೊನೆಯ ತೂತು.
ಬಳಪ ಅಂದುಕೊಂಡೆ.
ತಪ್ಪೇನಲ್ಲ.
ಆ ವರ್ಷ ಶಾಲೆ ತೆರೆದಾಗ
ನಮ್ಮ ಯಾರ ಚೀಲದಲ್ಲೂ ಬಳಪವಿರಲಿಲ್ಲ,
ದಂಡೆಯ ತುಂಬ ಹವಳದ ಚೂರು ಬಿದ್ದಿತ್ತು.
ಪಾಟಿಯ ಮೇಲೆ ಗೀಚಿದರೆ ಮೂಡುತ್ತಿತ್ತು,
ಕಿರುಗುಟ್ಟುತ್ತ, ಸ್ವಲ್ಪ ಮಾಸಲಾಗಿ.
ಮಗ್ಗಿ ಕಲಿತದ್ದು ಅದರಲ್ಲೇ.
ಸತ್ತದ್ದರಲ್ಲಿ ಬರೆಯುತ್ತಿದ್ದೇವೆಂದು
ಯಾರೂ ಹೇಳಿರಲಿಲ್ಲ.

ಬಾಯಿ ಚಹಾಕ್ಕೆ ಹೋಗಿದ್ದರು.
ಕಪ್ಪು ಕಲ್ಲಿನ ಮೇಜಿನಂಚಿಗೆ ಮೆಲ್ಲಗೆ ಒಂದು ಗೆರೆ ಎಳೆದೆ.
ಮೂಡಿತು.
ಸೆರಗಿನಿಂದ ಒರೆಸಿ, ತುಂಡನ್ನು ತಕ್ಕಡಿಗಿಟ್ಟು
ಪುಸ್ತಕದಲ್ಲಿ ಬರೆದೆ:
ಹದಿನೇಳು. ಹವಳ, ಮುರಿದದ್ದು.
ಸೊನ್ನೆ ಪಾಯಿಂಟ್ ಎಂಟು ಗ್ರಾಂ.
ಗೆರೆಗೆ ಹೋದ ಪುಡಿಯನ್ನು
ಲೆಕ್ಕಕ್ಕೆ ಹಿಡಿದಿಲ್ಲ.